ನಿಲ್ದಾಣವನ್ನು ತೊರೆದವರು ಯಾರು?

ಹಳಿಗಳ ಮೇಲೆ ಅಧಿಕಾರವುಳ್ಳ ಮಾನ್ಯರೇ,

ನಮ್ಮ ಬಡಾವಣೆಯ ಮುಚ್ಚಿದ ರೈಲು ನಿಲ್ದಾಣಕ್ಕೆ ತಾವು ಸುಣ್ಣಬಣ್ಣ ಹೊಡೆಸಿ, ಬಾಗಿಲಲ್ಲಿ ಕಲ್ಲಿನ ಫಲಕ ನೆಡಿಸಿದ್ದೀರಿ. ‘ಇಲಾಖೆಯ ಔದಾರ್ಯದಿಂದ ನಿರ್ಮಾಣಗೊಂಡ ಈ ನಿಲ್ದಾಣವನ್ನು ಪ್ರಯಾಣಿಕರು ಕ್ರಮೇಣ ತೊರೆದ ಕಾರಣ ಮುಚ್ಚಲಾಯಿತು’ ಎಂದು ಅದರಲ್ಲಿ ಕೆತ್ತಿದೆ. ಒಂದೇ ವಾಕ್ಯದಲ್ಲಿ ಎರಡು ಸುಳ್ಳು. ಕಲ್ಲಿನಲ್ಲಿ ಕೊರೆದರೆ ಸುಳ್ಳೂ ಶಾಸನವಾಗುತ್ತದೆಂಬ ನಂಬಿಕೆಯೇ? ಒಳಗೆ ಹಳೆಯ ಚಿತ್ರಗಳ ಪ್ರದರ್ಶನವಂತೆ, ಕಾಫಿ ಅಂಗಡಿಯಂತೆ. ದಿನವೂ ಅದೇ ಹಳಿಯ ಮೇಲೆ ಓಡುವ ರೈಲು ಮಾತ್ರ ನಿಲ್ಲುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದ್ದೀರಿ. ಅಭಿನಂದನೆಗಳು.

ಮೊದಲು ತಮ್ಮ ಔದಾರ್ಯದ ಚರಿತ್ರೆ. ನಮ್ಮಮ್ಮ ನೂಲಿನ ಕಾರ್ಖಾನೆಯಲ್ಲಿದ್ದಳು. ಆಗಲೂ ರೈಲು ನಮ್ಮ ಮನೆಗಳ ಹಿತ್ತಲಲ್ಲೇ ಓಡುತ್ತಿತ್ತು, ಆದರೆ ಹತ್ತಬೇಕಾದರೆ ಹಳಿಗುಂಟ ಮುಂದಿನ ಊರಿನವರೆಗೆ ನಡೆಯಬೇಕಿತ್ತು. ಒಂದು ಬೆಳಿಗ್ಗೆ ಮಂಜಿನಲ್ಲಿ ಅಮ್ಮನ ಜೊತೆಗಾತಿಯೊಬ್ಬಳು ರೈಲಿಗೆ ಸಿಕ್ಕಿ ಸತ್ತಳು. ಮರುದಿನ ಕಾರ್ಖಾನೆಯ ಹೆಂಗಸರೆಲ್ಲ ಬುತ್ತಿ ಸಮೇತ ಹಳಿಯ ಮೇಲೆ ಕೂತರು. ರೈಲು ನಿಂತಿತು. ಚಾಲಕ ಇಳಿದು ಬಂದು, “ಏಳ್ರಮ್ಮ, ನನ್ನ ಕೆಲಸ ಹೋಗುತ್ತೆ” ಎಂದು ಕೈಮುಗಿದನಂತೆ. “ನಮ್ಮವಳ ಜೀವಾನೇ ಹೋಗಿದೆಯಪ್ಪ. ನೀನೂ ಬಾ, ಕೂತ್ಕೋ” ಎಂದಳಂತೆ ಅಮ್ಮ. ಅವನು ಕೂತ. ಆಮೇಲೆ ಲಾಠಿಗಳು ಬಂದವು, ಲಾಠಿಗಳ ಹಿಂದೆ ಅಂದು ತಮ್ಮ ಕುರ್ಚಿಯಲ್ಲಿದ್ದವರು ಬಂದು ನಿಲ್ದಾಣದ ಮಾತು ಕೊಟ್ಟರು. ತಾವು ಔದಾರ್ಯ ಎನ್ನುವುದು, ಲಾಠಿಯೇಟಿಗೆ ಮುರಿದ ಮೂಳೆಯಾಗಿ, ಸಾಯುವತನಕ ನಮ್ಮಮ್ಮನ ಮುಂಗೈಯಲ್ಲಿ ಸೊಟ್ಟಗೆ ಕೂಡಿಕೊಂಡಿತ್ತು.

ಇನ್ನು ‘ತೊರೆದ’ ಕಥೆ. ಮೊದಲು ಟಿಕೆಟ್ ಕಿಟಕಿ ಮುಚ್ಚಿದಿರಿ, ನಂತರ ಟಿಕೆಟ್ ಮಾರಾಟ ಕುಸಿದಿದೆ ಎಂದು ಕಳವಳಪಟ್ಟಿರಿ. ದೀಪಗಳು ಕೆಟ್ಟವು, ಹಾಗೇ ಬಿಟ್ಟಿರಿ. ಚಾವಣಿಯ ತಗಡುಗಳು ದುರಸ್ತಿಗೆಂದು ಹೋದವು, ಇಂದಿಗೂ ದುರಸ್ತಿಯಾಗುತ್ತಲೇ ಇವೆ. ಬೆಳಗಿನ ರೈಲು ನಿಲ್ಲುವುದನ್ನು ಬಿಟ್ಟಿತು. ಕೊನೆಗೆ ಕಾರ್ಖಾನೆಗಳಿಗೆಲ್ಲ ರಜೆಯಿದ್ದ ವಾರವನ್ನೇ ಹುಡುಕಿ, ಪ್ರಯಾಣಿಕರನ್ನು ಎಣಿಸಲು ಜನ ಕಳಿಸಿದಿರಿ. ಕೈಕಾಲು ಕಟ್ಟಿ ನೀರಿಗೆ ತಳ್ಳಿ, ‘ಈಜು ಬಾರದವನು’ ಎಂದು ವರದಿ ಬರೆಯುವುದು ಇದಕ್ಕಿಂತ ಭಿನ್ನವೇ?

ನನ್ನ ಅಕ್ಕನ ವಿಷಯ ಹೇಳುತ್ತೇನೆ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ನಮ್ಮ ಮನೆಯಿಂದ ನಿಲ್ದಾಣಕ್ಕೆ ಒಂದೇ ನೇರ ಗಲ್ಲಿ. ಬಲಗೈ ಗೋಡೆಗೆ ತಾಗಿಸಿಕೊಂಡು ಹೋದರೆ ಪ್ಲಾಟ್‌ಫಾರ್ಮ್, ಆ ತುದಿಯಲ್ಲಿ ಇಳಿದರೆ ಆಸ್ಪತ್ರೆಯ ಗೇಟು. ಯಾರ ಹಂಗೂ ಇಲ್ಲದೆ ಹೋಗಿಬರುತ್ತಿದ್ದಳು. ಸಂಬಳದ ದಿನ ನನಗೆ ಬಳೆ ತರುತ್ತಿದ್ದಳು, ಬಣ್ಣವನ್ನು ಅಂಗಡಿಯವಳ ಜೊತೆ ಜಗಳವಾಡಿ ಆರಿಸುತ್ತಿದ್ದಳು.

ನಿಲ್ದಾಣ ಮುಚ್ಚುವ ಮುನ್ನ ತಾವು ನಡೆಸಿದ ಅಹವಾಲು ಸಭೆಗೆ ಅವಳೂ ಬಂದಿದ್ದಳು. ತಮ್ಮ ಪಕ್ಕ ಕೂತಿದ್ದ ಕಿರಿಯ ಅಧಿಕಾರಿ ಬಹಳ ಮೃದುವಾಗಿ, “ಬಸ್ ಇದೆಯಲ್ಲಮ್ಮ. ಅಷ್ಟಕ್ಕೂ ಕಣ್ಣು ಕಾಣದೋರು ಯಾಕೆ ಇಷ್ಟು ಓಡಾಡ್ಬೇಕು? ಮನೇಲಿ ಆರಾಮಾಗಿರಿ” ಎಂದರು.

“ಬಸ್ಸಿನ ನಂಬರು ಯಾರು ಓದಿ ಹೇಳ್ತಾರೆ ಸಾರ್? ಬಸ್ ಸ್ಟಾಪಿನ ಆ ದೊಡ್ಡ ರಸ್ತೆ ಯಾರು ದಾಟಿಸ್ತಾರೆ?” ಎಂದಳು ಅಕ್ಕ. “ಆರಾಮಾಗಿರೋಕೆ ನಾನೇನು ಸುಸ್ತಾಗಿದೀನಿ ಅಂದೆನಾ?”

ತಾವು ಗಡಿಯಾರ ನೋಡಿ, ಮುಂದಿನವರನ್ನು ಕರೆದಿರಿ.

ಆಮೇಲೆ ನಾನೇ ಬಸ್ಸಿನಲ್ಲಿ ಅವಳನ್ನು ಬಿಟ್ಟು ಬರತೊಡಗಿದೆ. ನನ್ನದು ನಿಲ್ದಾಣದೆದುರಿನ ಹೊಲಿಗೆ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆಯುವುದು ತಡವಾಯಿತು, ಸಂಜೆ ಬೇಗ ಮುಚ್ಚಬೇಕಾಯಿತು. ಗಿರಾಕಿಗಳು ಬಟ್ಟೆ ವಾಪಸ್ ಕೇಳತೊಡಗಿದರು. ನಾನು ಅಕ್ಕನಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ರಾತ್ರಿ ಮನೆಯಲ್ಲೂ ನನ್ನ ಹೊಲಿಗೆ ಮಿಷನ್ ಸದ್ದು ಕಡಿಮೆಯಾದದ್ದು ಅವಳ ಕಿವಿಗೆ ತಪ್ಪುತ್ತದೆಯೇ? ಒಂದು ಸಂಜೆ ಬಸ್ ಇಳಿಯುತ್ತ, “ನಾಳೆಯಿಂದ ಬೇಡ ಬಿಡೇ” ಎಂದಳು.

“ರಜೆ ಹಾಕಿದ್ಯಾ?”

“ಇಲ್ಲ. ಬಿಟ್ಟುಬಿಟ್ಟೆ.”

ರಸ್ತೆಯ ಮಧ್ಯೆಯೇ ನಾನು ಜಗಳ ತೆಗೆದು ಅತ್ತುಬಿಟ್ಟೆ. ಅವಳು ನನ್ನ ತೋಳು ಹಿಡಿದುಕೊಂಡು, “ಮೊದ್ಲು ದಾಟಿಸು, ಆಮೇಲೆ ಅಳು” ಎಂದಳು.

ಹೋದ ತಿಂಗಳು ತಮ್ಮ ಕಚೇರಿಯಿಂದ ಅವಳಿಗೆ ಫೋನ್ ಬಂತು. ಪ್ರದರ್ಶನಕ್ಕಾಗಿ ಹಳೆಯ ಪ್ರಯಾಣಿಕರ ಸವಿನೆನಪುಗಳನ್ನು ರೆಕಾರ್ಡ್ ಮಾಡುತ್ತಾರಂತೆ. ಸವಿನೆನಪು! ಕತ್ತು ಹಿಸುಕಿದವರೇ ಬಂದು, ‘ಒಂದು ಹಾಡು ಹೇಳಿ’ ಎಂದಂತೆ. ಅಕ್ಕ ಕೇಳಿದಳು, “ರೈಲು ಯಾವತ್ತು ನಿಲ್ಲುತ್ತೆ?”

“ಅದು ಬೇರೆ ವಿಭಾಗ ಮೇಡಂ.”

“ಹಾಗಾದ್ರೆ ಆ ವಿಭಾಗಕ್ಕೆ ಕನೆಕ್ಟ್ ಮಾಡಿ. ನಾನು ಲೈನಲ್ಲೇ ಇರ್ತೀನಿ.”

ಫೋನ್ ಇಟ್ಟರು.

ಅವಳ ಕೆಲಸ ವಾಪಸ್ ಕೊಡಿಸಿ ಎಂದು ನಾನು ಬರೆಯುತ್ತಿಲ್ಲ. ಆಸ್ಪತ್ರೆಯಲ್ಲಿ ಈಗ ಅವಳ ಜಾಗದಲ್ಲಿ ಯಂತ್ರ ಮಾತಾಡುತ್ತದೆ. ಆದರೆ ನಮ್ಮ ಪಕ್ಕದ ಮನೆಯ ಬಡಗಿಯ ಮಗಳಿಗೆ ಅದೇ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿದೆ. ಬಸ್ಸಿಗೆ ಕಾದು ಒಬ್ಬಳೇ ಮನೆಗೆ ಬರಬೇಕಾದರೆ ಬೇಡವೇ ಬೇಡ ಎಂದು ಅವಳಪ್ಪ ಪಟ್ಟು ಹಿಡಿದಿದ್ದ. ಅಕ್ಕ ಅವರ ಮನೆಗೆ ಹೋಗಿ, “ನಾನು ಅವಳ ಜೊತೆ ಹೋಗಿಬರ್ತೀನಿ” ಎಂದಳು.

ಬಡಗಿ ತಡವರಿಸಿದ. “ನಿಮ್ಮನ್ನೇ ಯಾರಾದ್ರೂ ಕರ್ಕೊಂಡು ಹೋಗ್ಬೇಕಲ್ಲಕ್ಕ?”

“ನಿನ್ನ ಮಗಳು ಕರ್ಕೊಂಡು ಹೋಗ್ತಾಳೆ. ನಾನು ಜೊತೇಲಿರ್ತೀನಿ. ಇಬ್ಬರದ್ದೂ ಆಯ್ತಲ್ಲ?”

ಸೋಮವಾರದಿಂದ ಇಬ್ಬರೂ ಹೊರಡುತ್ತಾರೆ. ಹುಡುಗಿಯ ಪಾಠ ಮುಗಿಯುವವರೆಗೂ, ತಾನು ಅಷ್ಟು ವರ್ಷ ದುಡಿದ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನನ್ನ ಅಕ್ಕ ಸುಮ್ಮನೆ ಕೂತಿರುತ್ತಾಳೆ. ತಮ್ಮ ಇಲಾಖೆ ಮಾಡಬೇಕಾದ ಕೆಲಸವನ್ನು ಮಾಡುತ್ತಾ ಕೂತಿರುತ್ತಾಳೆ.

ಆದ್ದರಿಂದ ಫಲಕ ಕಿತ್ತುಹಾಕಿ. ಕಿಟಕಿ ತೆರೆಯಿರಿ, ದೀಪ ಹಾಕಿಸಿ. ಬೆಳಿಗ್ಗೆ ಒಂದು, ಸಂಜೆ ಒಂದು ರೈಲು ನಿಲ್ಲಿಸಿ. ಅದೂ ಆಗದಿದ್ದರೆ, ಸೋಮವಾರ ತಾವೇ ಬಂದು ಆ ಇಬ್ಬರನ್ನು ರಸ್ತೆ ದಾಟಿಸಿ.

ಇಂತಿ,
ತಮ್ಮ ರೈಲು ಹಾದಾಗಲೆಲ್ಲ ಅಂಗಡಿಯ ಗಾಜು ಅದುರುವಷ್ಟು ಹತ್ತಿರದಲ್ಲಿದ್ದೂ ತಮ್ಮ ಕಣ್ಣಿಗೆ ಬೀಳದ
ಒಬ್ಬ ದರ್ಜಿ ಹೆಂಗಸು