ಒಂಬತ್ತನೆಯ ಹಾಳೆಯ ಕೊನೆಯ ಹೆಸರು

ಎನ್.ಆರ್. ಕಾಲೋನಿ, ಬೆಂಗಳೂರು
೧೪-೭-೨೦೨೫, ಸೋಮವಾರ

ಮಗಳೇ ಬಿಂದುಶ್ರೀ,

ನಿಮ್ಮಮ್ಮ ಸುಬ್ಬಮ್ಮನ ಮಂಡಿನೋವು ಹೇಗಿದೆ? ಹರಳೆಣ್ಣೆ ಬಿಸಿ ಮಾಡಿ ಹಚ್ಚುವುದನ್ನು ಬಿಟ್ಟಿಲ್ಲ ತಾನೆ? ನಿನ್ನ ತಮ್ಮ ಶಶಿಕಿರಣ ಊಟ ಬಿಟ್ಟು ಟೀ ಕುಡಿದೇ ಹೊಟ್ಟೆ ಕೆಡಿಸಿಕೊಂಡಿದ್ದನಲ್ಲ, ಈಗ ವಾಸಿಯೇ? ನಿನ್ನ ಮಗಳು ಆರಾಧನಾಳಿಗೆ ಮುಂದಿನ ಹಲ್ಲು ಬಂತೇ? ಅವಳಿಗೂ ಏಳು ತುಂಬಿತು ಎಂದು ಲೆಕ್ಕ ಹಾಕಿದೆ. ಅಪ್ಪ ಹೋದಾಗ ನಿನಗೂ ಅಷ್ಟೇ ವಯಸ್ಸು. ನಿನ್ನ ಆರೋಗ್ಯವನ್ನು ಕೊನೆಗೆ ಕೇಳುತ್ತಿದ್ದೇನೆ, ಯಾಕೆಂದರೆ ನಿನ್ನನ್ನು ಏನು ಕೇಳುವುದಕ್ಕೂ ನನಗೆ ಅಳುಕು.

ಇಲ್ಲಿ ಮಂಜುನಾಥ, ಸೊಸೆ, ಮೊಮ್ಮಕ್ಕಳು ಚೆನ್ನಾಗಿದ್ದಾರೆ. ನನಗೆ ಎಪ್ಪತ್ತೊಂದಾದರೂ ಗಾಂಧಿಬಜಾರಿನ ತರಕಾರಿ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ನಾನೇ ಕೂರುತ್ತೇನೆ. ಸಂಜೆ ಏನು ಮಾಡುತ್ತೇನೆಂದು ನಿನಗೆ ಗೊತ್ತು. ಅದಕ್ಕೇ ತಾನೆ ಜಗಳ.

ನೀನು ಫೋನ್ ಎತ್ತದೆ ಇವತ್ತಿಗೆ ಹತ್ತೊಂಬತ್ತು ದಿನ. ಮತ್ತಿಕೆರೆ ಏನು ದೂರವೇ, ಒಂದು ಬಸ್ಸು ಬದಲಿಸಿದರೆ ನಿನ್ನ ಬಾಗಿಲಲ್ಲಿ ಇಳಿಯಬಹುದು. ಆದರೆ ಬಂದು ಬಾಗಿಲು ತಟ್ಟಲು ಧೈರ್ಯ ಬರಲಿಲ್ಲ. ಕಾಗದವಾದರೆ ನೀನು ಹರಿದು ಹಾಕಿದರೂ ನನಗೆ ಕಾಣುವುದಿಲ್ಲ.

ಅವತ್ತು ಫೋನಿನಲ್ಲಿ ನಾನು, ನಿಮ್ಮಪ್ಪ ಸಹಿ ಎತ್ತಿದ ಒಂಬತ್ತು ಹಾಳೆ ಕೊಡು ಎಂದೆ. ನೀನು ಹೇಳಿದೆ: "ಕೊನೇ ಸಹಿ ನಿಮ್ಮ ಚಾಮರಾಜಪೇಟೆ ವಠಾರದ ಟೈಲರ್ ಶಂಭುಲಿಂಗಪ್ಪಂದು. ಅವರ ಕೆಳಗಡೆ ಅಪ್ಪನೇ ನಿಮ್ಮ ಹೆಸ್ರು ಬರ್ದಿಟ್ಟಿದಾರೆ, ಇನ್ನೂರ ಹದಿನಾಲ್ಕು, ಲಕ್ಕಮ್ಮ ಅಂತ. ಸಹಿ ಇಲ್ಲ. ಅತ್ತೆ, ಅಪ್ಪ ತೀರ್ಕೊಂಡ ದಿನ ನಿಮ್ಮನೆಗೆ ಬಂದಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು." ನಾನು "ಟವರ್ ಸಿಗ್ತಿಲ್ಲ ಕಣೇ" ಎಂದು ಇಟ್ಟುಬಿಟ್ಟೆ.

ಟವರ್ ಇತ್ತು.

ಹೇಳುತ್ತೇನೆ. ಆದರೆ ನನಗೆ ನೇರ ಹೇಳಲು ಬರುವುದಿಲ್ಲ, ಸ್ವಲ್ಪ ಸುತ್ತಿಕೊಂಡು ಬರುತ್ತೇನೆ, ಸೈರಿಸಿಕೋ.

ನಿಮ್ಮಪ್ಪ ದುಡಿಯುತ್ತಿದ್ದ ಬಟ್ಟೆಗಿರಣಿ ಮುಚ್ಚಿದಾಗ ಗೇಟಿಗೆ ಬಂದ ಅಧಿಕಾರಿ ಹೇಳಿದರಂತೆ: ದೇಶಕ್ಕೆ ಸಾಲ ಜಾಸ್ತಿಯಾಗಿದೆ, ಕೊಟ್ಟವರು ಷರತ್ತು ಹಾಕಿದ್ದಾರೆ, ನಷ್ಟದ ಗಿರಣಿ ನಡೆಸುವ ಹಾಗಿಲ್ಲ. ಒಬ್ಬರು ಅತ್ತರು, ಒಬ್ಬರು ಬೈದರು. ನಿಮ್ಮಪ್ಪ ಮುನಿಶಾಮ ಮಾತ್ರ, "ಆ ಸಾಲದ ಕಾಗ್ದ ಒಂದ್ಸಲ ತೋರ್ಸಿ ಸಾರ್. ನನ್ನ ಕೆಲ್ಸ ತಿಂದಿದ್ದು ಯಾವ್ದು ಅಂತ ನೋಡ್ಬೇಕು" ಎಂದನಂತೆ. ಅವತ್ತಿನಿಂದ ಗಿರಣಿಯವರೆಲ್ಲ ಅವನನ್ನು ಕಾಗ್ದತೋರ್ಸಪ್ಪ ಎಂದೇ ರೇಗಿಸಿದರು. ಅವನು ನಗುತ್ತಿದ್ದ. ನಗುನಗುತ್ತಲೇ ಅರ್ಜಿ ಬರೆದು, ಗೆರೆ ಎಳೆದು, ನಂಬರು ಹಾಕಿ ಸಹಿ ಎತ್ತಲು ಹೊರಟ. ಸಾಲದ ಲೆಕ್ಕವನ್ನು ಜನರ ಮುಂದೆ ಇಡಿ, ಇಷ್ಟೇ ಅರ್ಜಿ.

ನನಗಾಗ ಅಕ್ಷರ ಬರುತ್ತಿರಲಿಲ್ಲ. "ಹೆಬ್ಬೆಟ್ಟು ಒತ್ತಿದ್ರೆ ಆಫೀಸ್ನೋರು ಲೆಕ್ಕಕ್ಕೇ ತಗಳಲ್ಲ ಅಕ್ಕಾ, ಹೆಸ್ರು ಬರಿ" ಎನ್ನುತ್ತಿದ್ದ. ಸ್ಲೇಟು ತಂದುಕೊಟ್ಟು ತಿದ್ದಿಸಿದ್ದ. ಲ ಬರೆದರೆ ಕ್ಕ ಬರುವುದಿಲ್ಲ, ಕ್ಕ ಬಂದರೆ ಮ್ಮ ಕೂಡುವುದಿಲ್ಲ. "ಒಂದು ತಿಂಗಳು ಟೈಮು. ಅಷ್ಟರಲ್ಲಿ ಕಲೀಲಿಲ್ಲ ಅಂದ್ರೆ ನೋಡು" ಎಂದು ನನಗಿಂತ ಚಿಕ್ಕವನು ಕಿವಿ ಹಿಂಡುವವನ ಹಾಗೆ ಹೆದರಿಸಿ ಹೋಗಿದ್ದ.

ಅವನು ಹೋದ ಮೇಲೆಯೇ ನಾನು ಓದು ಕಲಿತದ್ದು. ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಗೋಣಿಚೀಲದ ಮೇಲಿನ ಮಂಡಿ ಹೆಸರು. ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡುವವನು ಇರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬದರೀನಾರಾಯಣ ಮೇಷ್ಟ್ರು ಅಂಗಡಿಗೆ ಬಂದರು. ಬಸವನಗುಡಿಯವರು, ಲೆಕ್ಕದ ಮೇಷ್ಟ್ರಾಗಿ ರಿಟೈರಾದವರು, ಹುರುಳಿಕಾಯಿಯನ್ನು ಒಂದೊಂದಾಗಿ ಮುರಿದು ನೋಡಿ ನನ್ನ ಪ್ರಾಣ ತಿನ್ನುವ ಗಿರಾಕಿ. ಕೈಯಲ್ಲಿದ್ದ ಕಟ್ಟಿನಿಂದ ಒಂದು ಕರಪತ್ರ ತಕ್ಕಡಿ ಪಕ್ಕ ಇಟ್ಟರು. ದೇಶದ ಸಾಲದ ಲೆಕ್ಕವನ್ನು ಜನರ ಮುಂದೆ ಇಡಿ ಎಂದಿತ್ತು. ನನ್ನ ಕೈಯಲ್ಲಿದ್ದ ತೂಕದ ಬಟ್ಟು ಹಾಗೇ ನಿಂತಿತು.

"ಲಕ್ಕಮ್ಮನೋರೇ, ಅರ್ಧ ಕೇಜಿ ಅಂದೆ" ಎಂದರು.

"ಮೇಷ್ಟ್ರೇ, ಇದನ್ನ ಬರ್ದಿದ್ದು ಯಾರು?"

"ನಾನೇ. ಯಾಕಮ್ಮ, ತಪ್ಪಿದೆಯಾ?"

"ತಪ್ಪಿಲ್ಲ. ಹಳೇದು" ಎಂದೆ.

ಅವತ್ತು ಸಂಜೆಯೇ ಅವರ ಜೊತೆ ಸಹಿ ಎತ್ತಲು ಹೊರಟೆ. ಸಾಲ ಮಾಡಬೇಡಿ ಎನ್ನುವವರಲ್ಲ ನಾವು, ತೀರಿಸಬೇಡಿ ಎನ್ನುವವರೂ ಅಲ್ಲ. ನಮ್ಮ ಹೆಸರಿನಲ್ಲಿ ತಂದದ್ದು ಎಷ್ಟು, ಯಾರಿಂದ, ಯಾವ ಷರತ್ತಿಗೆ, ಹೋದದ್ದು ಎಲ್ಲಿಗೆ, ಇದನ್ನು ಜನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ನೋಡಿ ಎನ್ನುತ್ತೇವೆ. ಅದಕ್ಕೆಲ್ಲ ಆಡಿಟ್ ಆಫೀಸು ಇದೆಯಲ್ಲ ಎಂದು ಬ್ಯಾಂಕಿನಲ್ಲಿದ್ದವರು ಕೇಳುತ್ತಾರೆ. ಇದೆ, ವರದಿಯೂ ದಪ್ಪಗೇ ಬರುತ್ತದೆ; ಗಿರಣಿ ಮುಚ್ಚಿಸಿಕೊಂಡವನನ್ನು ಕೂರಿಸಿ ಕೇಳಿದ ಪುಟ ಮಾತ್ರ ಅದರಲ್ಲಿಲ್ಲ ಎನ್ನುತ್ತಾರೆ ಮೇಷ್ಟ್ರು.

ನಗು ಬರುವುದೂ ಉಂಟು. ಮಲ್ಲೇಶ್ವರದಲ್ಲಿ ಒಬ್ಬಾಕೆ ನಾವು ದೇಶದ ಸಾಲ ತೀರಿಸಲು ಚಂದಾ ಎತ್ತುತ್ತಿದ್ದೇವೆ ಎಂದುಕೊಂಡು, "ಹೋದ್ವರ್ಷ ಗಣಪತಿಗೆ ಕೊಟ್ಟಷ್ಟೇ ಕೊಡೋದು, ಜಾಸ್ತಿ ಕೇಳ್ಬೇಡಿ" ಎಂದು ಐವತ್ತು ರೂಪಾಯಿ ತಂದಳು. ಮೇಷ್ಟ್ರು ಅದನ್ನು ವಾಪಸ್ ಕೊಡಲು ಕಾಲು ಗಂಟೆ ಹೆಣಗಿದರು. ಕೊನೆಗೆ ಆಕೆ, "ತಗೊಳಲ್ಲ ಅಂದ್ರೆ ಏನೋ ಮೋಸ ಇದೆ" ಎಂದು ಸಹಿ ಹಾಕದೆ ಒಳಗೆ ಹೋದಳು.

ಆದರೆ ಎಲ್ಲ ಮನೆಯೂ ಹಾಗಲ್ಲ. ಮಾಮೂಲ್‌ಪೇಟೆಯಲ್ಲಿ ಬೀಗ ಮಾರುವ ಮುದುಕನೊಬ್ಬನಿಗೆ ಮೇಷ್ಟ್ರು, ಒಂದೊಂದು ತಲೆಗೂ ಇಷ್ಟಿಷ್ಟು ಸಾಲ ಬರುತ್ತದೆ ಎಂದು ಬಿಡಿಸಿ ಹೇಳುತ್ತಿದ್ದರು. ಆತ ಪೂರ್ತಿ ಕೇಳಿ, "ನನ್ನ ಮಗ ಹೋಗಿ ನಾಕು ವರ್ಷ ಆಯ್ತು ಸ್ವಾಮಿ. ಅವನ ತಲೆದು ಈಗ ಯಾರ್ ತಲೆ ಮೇಲೈತೆ?" ಎಂದ. ಮೇಷ್ಟ್ರಿಗೆ ಲೆಕ್ಕ ತಪ್ಪಿತು. ನಾನು ಆ ಅಂಗಡಿಯ ಮೆಟ್ಟಿಲು ನೋಡುತ್ತಾ ನಿಂತಿದ್ದೆ. ಅಲ್ಲಿಂದ ನಾಲ್ಕನೆಯ ಅಂಗಡಿಯ ಮೆಟ್ಟಿಲಿನ ಮೇಲೆಯೇ, ಗೋಡೆಗೆ ಒರಗಿ ಕೂತ ಹಾಗೇ, ನಿಮ್ಮಪ್ಪ ಬೆಳಿಗ್ಗೆ ಸಿಕ್ಕಿದ್ದು. ಎದೆ ನಿಂತಿತ್ತು. ತೊಡೆಯ ಮೇಲೆ ಹಾಳೆ ಇದ್ದ ಚೀಲ.

ಇನ್ನೊಂದು ಬಗೆಯ ಬಾಗಿಲುಂಟು ಬಿಂದು. ತಟ್ಟಿದರೆ ಸದ್ದಿಲ್ಲ. ಮೇಷ್ಟ್ರು "ಯಾರೂ ಇಲ್ಲ, ನಡೀರಿ" ಎನ್ನುತ್ತಾರೆ. ಇದ್ದಾರೆಂದು ನನಗೆ ಗೊತ್ತಾಗುತ್ತದೆ. ಬಾಗಿಲ ಕೆಳಗಿನ ಬೆಳಕಿನಲ್ಲಿ ಎರಡು ಪಾದದ ನೆರಳು ನಿಂತಿರುತ್ತದೆ. ಉಸಿರು ಬಿಗಿ ಹಿಡಿದವರು ಮರದ ಆಚೆಗಿದ್ದರೆ ಈಚೆಗೆ ತಿಳಿಯುತ್ತದೆ, ಅದು ಹೇಗೋ ಹೇಳಲಾರೆ. ಅಲ್ಲಿಂದ ನನಗೆ ಕಾಲು ಕೀಳಲಾಗುವುದಿಲ್ಲ. ಒಳಗೆ ನಿಂತಿರುವವಳು ನಾನೇ, ಹೊರಗೆ ನಿಂತು ಕರೆಯುತ್ತಿರುವವನು ಅವನು ಎನ್ನಿಸುತ್ತದೆ. ನಾಳೆ ಬನ್ನಿ ಎಂದವರ ಮನೆಗೆ ನಾನು ಮರುದಿನವೇ ತಪ್ಪದೆ ಹೋಗುತ್ತೇನೆ. "ಅಯ್ಯೋ, ಮಾತಿಗೆ ಅಂದ್ರೆ ನಿಜವಾಗ್ಲೂ ಬಂದ್ಬಿಟ್ರಲ್ಲಮ್ಮ!" ಎನ್ನುತ್ತಾರೆ.

ಸರಿ, ಇನ್ನು ಸುತ್ತುವುದಿಲ್ಲ. ಬಂದಿದ್ದ.

ಮೂವತ್ತೊಂದು ವರ್ಷದಿಂದ ನಿಮ್ಮಮ್ಮನಿಗೂ ಪೋಲೀಸಿನವರಿಗೂ ನೆಂಟರಿಗೂ ನಮ್ಮನೆಗೆ ಬರಲಿಲ್ಲ ಎಂದೇ ಹೇಳಿದೆ. ಬಂದಿದ್ದ. ದೀಪ ಹಚ್ಚುವ ಹೊತ್ತು. ಆಗ ಊರಿನಲ್ಲೆಲ್ಲ ಆ ದೆವ್ವದ ಪುಕಾರು ಇತ್ತು, ನಿನಗೂ ಮಸುಕಾಗಿ ನೆನಪಿರಬಹುದು. ಗುರುತಿನವರ ದನಿಯಲ್ಲೇ ಬಂದು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದವರು ಉಳಿಯುವುದಿಲ್ಲ. ಬಾಗಿಲ ಮೇಲೆ ನಾಳೆ ಬಾ ಎಂದು ಬರೆದಿದ್ದರೆ ಓದಿಕೊಂಡು ಹೊರಟುಹೋಗುತ್ತದೆ. ವಠಾರದ ಬಾಗಿಲಿಗೆಲ್ಲ ಸುಣ್ಣದಲ್ಲಿ ಬರೆದಿತ್ತು, ನಮ್ಮ ಬಾಗಿಲಿಗೂ ಬರೆದಿತ್ತು. ದೆವ್ವ ಒಂದೇ ಸಲ ಕರೆಯುತ್ತದೆ, ಎರಡನೆಯ ಸಲ ಕರೆದರೆ ಮನುಷ್ಯರೇ ಸರಿ ಎಂದು ನಮ್ಮವ್ವ ಹೇಳುತ್ತಿದ್ದಳು. ಹೊರಗಿನಿಂದ ಅಕ್ಕಾ ಎಂದು ಒಂದು ಸಲ ಕೇಳಿಸಿತು. ನಾನು ಎದ್ದೆ. ನಿಮ್ಮ ಮಾವ ಬಾಯಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಕಣ್ಣಿನಲ್ಲೇ ತಡೆದರು. ಎರಡನೆಯ ಸಲಕ್ಕೆ ಕಾದೆ. ಕೇಳಿಸಲಿಲ್ಲ. ಬೆಳಿಗ್ಗೆ ಸುದ್ದಿ ಬಂತು.

ತೆಗೆದಿದ್ದರೆ ಒಂದು ಲೋಟ ನೀರು ಕುಡಿದು, ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದನೇನೋ. ಪಕ್ಕದ ಬೀದಿಯಲ್ಲೇ ಡಾಕ್ಟರಿದ್ದರು. ಇದನ್ನು ನೀನು ನನಗೆ ಹೇಳಬೇಕಾಗಿಲ್ಲ.

ಇದೇ ೨೭ರ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಸವನಗುಡಿಯಲ್ಲಿ ನಮ್ಮ ಅಹವಾಲು ಸಭೆ. ಕಾನೂನು ಓದಿದವರು, ಕಾಲೇಜಿನವರು, ಹಳೆಯ ಗಿರಣಿಯವರು ಬರುತ್ತಾರೆ. ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ ಗಲಾಟೆ ಎಂದು ಪೇಪರಿನಲ್ಲಿ ಒಬ್ಬರು ಬರೆದಿದ್ದಾರೆ. ಅದಕ್ಕೆ ಮೇಷ್ಟ್ರು, ಕಡತದ ಮೊದಲ ಪುಟವಾಗಿ ಮುನಿಶಾಮಪ್ಪನ ಹಾಳೆಗಳೇ ಇರಬೇಕು ಎನ್ನುತ್ತಾರೆ. ಆ ಇನ್ನೂರ ಹದಿಮೂರು ಜನರಲ್ಲಿ ಅರ್ಧಕ್ಕರ್ಧ ಈಗಿಲ್ಲ. ಅವರು ಕೇಳಿದ್ದನ್ನು ಇನ್ನೂ ಯಾರೂ ಓದಿಲ್ಲ. ಆ ಕಾಗದಗಳೇ ಅಪ್ಪನನ್ನು ತಿಂದವು ಎಂದು ನೀನು ಅನ್ನುತ್ತೀಯ. ಕಾಗದ ತಿನ್ನಲಿಲ್ಲ ಮಗಳೇ. ಟ್ರಂಕಿನಿಂದ ತೆಗೆದು ಕೊಡು. ಕೊಡಲು ಮನಸ್ಸಿಲ್ಲದಿದ್ದರೆ ನೀನೇ ಹಿಡಿದುಕೊಂಡು ಬಂದು, ಓದಿ, ಹಿಡಿದುಕೊಂಡೇ ಹೋಗು.

ಸುಬ್ಬಮ್ಮನಿಗೆ ಈ ಕಾಗದ ಓದಿ ಹೇಳುವುದೂ ಬಿಡುವುದೂ ನಿನ್ನ ಇಷ್ಟ. ಆರಾಧನಾಳಿಗೆ ನನ್ನ ಮುತ್ತು.

ನಿನ್ನ ಸೋದರತ್ತೆ,
ಲಕ್ಕಮ್ಮ

ವಿ.ಸೂ. ಕವರಿಗೆ ಹಾಕಿ ಅಂಟಿಸಿದ್ದವಳು ಮತ್ತೆ ಕಿತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿದೆ. ಊರಿಗೆಲ್ಲ ಲೆಕ್ಕ ಬಿಚ್ಚಿಡಿ ಎಂದು ಹೇಳಿಕೊಂಡು ತಿರುಗುವವಳು ನಿನ್ನ ಮುಂದೆ ಮುಚ್ಚಿಡುವುದು ಬೇಡ.

ನಿಮ್ಮ ಮಾವ ಅವತ್ತು ಮನೆಯಲ್ಲಿ ಇರಲಿಲ್ಲ. ಸತ್ತವರು ಎದುರು ಹೇಳುವುದಿಲ್ಲವೆಂದು ಅವರ ಮೇಲೆ ಹಾಕಿದೆ. ಒಳಗೆ ನಾನೊಬ್ಬಳೇ. ಮುನಿಶಾಮ ಕರೆದದ್ದು ಒಂದು ಸಲ ಅಲ್ಲ, ನಾಲ್ಕು ಸಲ. ಎರಡನೆಯ ಸಲಕ್ಕೇ ಅವನೆಂದು ನನಗೆ ಖಾತ್ರಿಯಾಗಿತ್ತು. ದೆವ್ವಕ್ಕೆ ಹೆದರಿ ಬಾಗಿಲು ತೆಗೆಯದೆ ಇದ್ದವಳಲ್ಲ ನಾನು. ತಿಂಗಳು ಮುಗಿದಿತ್ತು, ನನಗೆ ಹೆಸರು ಬರೆಯಲು ಬಂದಿರಲಿಲ್ಲ. ಸ್ಲೇಟು ಅಕ್ಕಿಡಬ್ಬದ ಹಿಂದೆ ಇತ್ತು. ಪಾಠ ಕಲಿಯದ ಮಕ್ಕಳು ಮೇಷ್ಟ್ರಿಂದ ಅಡಗಿಕೊಳ್ಳುವ ಹಾಗೆ ಬಾಗಿಲ ಹಿಂದೆ ನಿಂತಿದ್ದೆ. ಅಷ್ಟು ಸಣ್ಣ ಕಾರಣ. ಅದಕ್ಕೇ ಇಷ್ಟು ವರ್ಷ ಹೇಳಲಾಗಲಿಲ್ಲ.

ಬಾಗಿಲ ಮೇಲಿನದನ್ನು ಬರೆದವಳೂ ನಾನೇ. ಪಕ್ಕದ ಮನೆ ಬಾಗಿಲು ನೋಡಿಕೊಂಡು, ಚಿತ್ರ ಬಿಡಿಸಿದ ಹಾಗೆ. ನನ್ನ ಕೈ ಮೊದಲು ಸರಿಯಾಗಿ ಬರೆದ ಅಕ್ಷರ ಅವು ಮೂರೇ.

ನಾಲ್ಕನೆಯ ಸಲ ಕರೆದ ಮೇಲೆ ಬಾಗಿಲಿಗೆ ಒರಗಿಕೊಂಡ. ಏದುಸಿರು ಕೇಳಿಸುತ್ತಿತ್ತು. ಆಮೇಲೆ ಬೆರಳಿನಿಂದ ಬಾಗಿಲು ಸವರಿದ ಸದ್ದು. "ಇದು ನೀನೇ ಬರ್ದಿದ್ದಾ ಅಕ್ಕಾ?" ಎಂದ. ಬಾ ಅಕ್ಷರದ ಬಾಲವನ್ನು, ಸ್ಲೇಟಿನ ಮೇಲೆ ಎಳೆಯುತ್ತಿದ್ದ ಹಾಗೇ, ಮೇಲಕ್ಕೆ ಎಳೆದಿದ್ದೆ, ಅದರಿಂದ ಗುರುತು ಹಿಡಿದನೋ ಏನೋ. ನನ್ನ ನೆರಳು ಅವನಿಗೆ ಕಾಣಿಸುತ್ತಿತ್ತೆಂದು ಈಗ ತಿಳಿಯುತ್ತದೆ. "ಅಕ್ಷರ ಚೆನ್ನಾಗ್ ಬಂದೈತೆ" ಎಂದ. ನಗುತ್ತಿದ್ದ. "ಸರಿ, ನಾಳೆ ಬತ್ತೀನಿ."

ಆ ಹಾಳೆಯಲ್ಲಿ ನನ್ನ ಹೆಸರಿನ ಮುಂದಿನ ಜಾಗವನ್ನು ಖಾಲಿ ಬಿಟ್ಟಿರು, ಅಳಿಸಬೇಡ. ಬೈದಾದರೂ ಸರಿ, ಎರಡು ಮಾತು ಬರಿ. ಬೇಗ ಬರಿ.