ಬೋಗುಣಿಯ ತಳದಲ್ಲಿ ಉಳಿದದ್ದು

ಅಮ್ಮಾ,

ನೀನು ಕಲಿಸಿದ್ದೇ ಇವತ್ತು ನನ್ನ ಕೆಲಸ ಕೆಡಿಸುವುದರಲ್ಲಿತ್ತು, ಕೇಳು.

ಸಿ.ಎಸ್. ಪುರದ ಹತ್ತಿರದ ಗುಡ್ಡದಿಂದ ತಾಮ್ರದ ಅದಿರಿರುವ ಕಲ್ಲು ತಂದಿದ್ದೆವು. ಅದನ್ನು ಪುಡಿ ಮಾಡಿ, ಜಿರ್ಕಾನ್ ಎಂಬ ಹರಳುಗಳನ್ನು ಬೇರ್ಪಡಿಸಬೇಕಿತ್ತು. ತೊಳೆಯುವ ಮೆಷಿನ್ ಕೆಟ್ಟಿತ್ತು. ನೀನು ಹೋದ ಮೇಲೆ ಯಾರೂ ಮುಟ್ಟದ ನಿನ್ನ ಬೋಗುಣಿಯನ್ನು ಬಟವಾಡಿಯ ನಮ್ಮ ಮನೆಯಿಂದ ಲ್ಯಾಬಿಗೆ ಒಯ್ದೆ. ನೀನು ಅಕ್ಕಿ ಜಾಲಿಸುತ್ತಿದ್ದ ಹಾಗೆಯೇ ಕುಲುಕಿ ಕುಲುಕಿ ಜಾಲಿಸಿದೆ. ಹಗುರವಾದ ಪುಡಿ ನೀರಿನ ಜೊತೆ ಹೊರಟುಹೋಗಿ, ತಳದಲ್ಲಿ ಚಿಟಿಕೆಯಷ್ಟು ಮರಳು ಉಳಿಯಿತು. ನನ್ನ ಕೈ ತಾನಾಗಿಯೇ ಬೋಗುಣಿಯನ್ನು ಸಿಂಕಿನತ್ತ ಬಗ್ಗಿಸಿತು!

ಜೊತೆಗಿದ್ದ ಸಂಗಮೇಶ್ ನನ್ನ ಮಣಿಕಟ್ಟು ಹಿಡಿದುಬಿಟ್ಟರು. "ಏನ್ ಮೇಡಂ ಮಾಡ್ತಿದೀರ? ನಮಗೆ ಬೇಕಾಗಿರೋದೇ ಅದು!"

"ಕೊನೇಲಿ ಉಳಿಯೋ ಕಲ್ಲನ್ನ ಚೆಲ್ಲು ಅಂತ ನಮ್ಮಮ್ಮ ಕಲಿಸಿದ್ರು ಕಣ್ರೀ," ಅಂದೆ. ಇಬ್ಬರೂ ನಕ್ಕೆವು.

ಆ ಚಿಟಿಕೆ ಮರಳಿನಲ್ಲೇ ಜಿರ್ಕಾನ್ ಸಿಕ್ಕಿತಮ್ಮ. ನಸುಗೆಂಪು ಬಣ್ಣ, ಸಾಸಿವೆಗಿಂತ ಎಷ್ಟೋ ಸಣ್ಣದು. ಅದರೊಳಗಿನ ಐಸೋಟೋಪುಗಳನ್ನು ಅಳೆದರೆ, ಕರಗಿದ ಕಲ್ಲು ಯಾವ ಕಾಲದಲ್ಲಿ, ಭೂಮಿಯ ಯಾವ ಆಳದಿಂದ ಮೇಲೆ ಬಂತು ಎಂದು ತಿಳಿಯುತ್ತದೆ. ಆ ಗುಡ್ಡಕ್ಕೆ ತಾಮ್ರ ಹೇಗೆ ಸೇರಿತು ಅನ್ನುವುದಕ್ಕೂ ಅದೇ ಸುಳಿವು. ಈ ಸಲ ಉತ್ತರ ಸಿಕ್ಕೇ ಸಿಗುತ್ತದೆ, ನೋಡುತ್ತಿರು.

"ಕಲ್ಲು ಓದಿ ಏನ್ ಮಾಡ್ತೀಯೇ? ಒಂದ್ಸಲ ನಿನ್ ಲ್ಯಾಬ್ ತೋರ್ಸೇ," ಎಂದು ನೀನು ಕೇಳುತ್ತಲೇ ಇದ್ದೆ. ಮುಂದಿನ ವಾರ ಎಂದು ನಾನು ಹೇಳುತ್ತಲೇ ಇದ್ದೆ.

ಬೋಗುಣಿಯನ್ನು ಮನೆಗೆ ವಾಪಸ್ ತಂದಿಲ್ಲ. ತೊಳೆದು, ಮೈಕ್ರೋಸ್ಕೋಪಿನ ಪಕ್ಕದಲ್ಲೇ ಇಟ್ಟು ಬಂದಿದ್ದೇನೆ. ಅಲ್ಲಿಂದ ಇಡೀ ಲ್ಯಾಬ್ ಕಾಣುತ್ತದೆ.