ಅಣವೀರ ಬಾಗಿಲು ಬಡಿದ ಮಧ್ಯಾಹ್ನ

ಕಲಬುರಗಿ,
ಬೇಗೆಮಾಸದ ಒಂಬತ್ತು, ಇಸವಿ 2164

ನೂರಕ್ಕೂ ಹೆಚ್ಚು ವರ್ಷ ಹಿಂದಿರುವ ನನ್ನ ಹಿರಿಯರಿಗೆ ಬಸಲಿಂಗಮ್ಮ ಮಾಡುವ ಶರಣು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಉಳಿದ ತಿಂಗಳುಗಳಿಂದ ಒಂದಿಷ್ಟು ದಿನ ಕಿತ್ತು, ಮೇ ಮತ್ತು ಜೂನ್ ನಡುವೆ ನಾವು ಹೊಸದೊಂದು ತಿಂಗಳು ಮಾಡಿಕೊಂಡಿದ್ದೇವೆ. ಆ ತಿಂಗಳಲ್ಲಿ ಶಾಲೆಯಿಲ್ಲ, ಮದುವೆಯಿಲ್ಲ, ಹೊತ್ತೇರಿದ ಮೇಲೆ ಯಾರೂ ಬೀದಿಗಿಳಿಯುವುದಿಲ್ಲ. ನಿಮ್ಮ ಕಾಲದ ಬರಹವನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನನ್ನವರು ಮಾತಾಡಿದ್ದನ್ನು ಮಾತ್ರ ಅವರು ಆಡಿದ ಹಾಗೆಯೇ ಇಡುತ್ತೇನೆ.

ನಮ್ಮ ಊರಿನಲ್ಲಿ ಪ್ರತಿ ಓಣಿಯ ಕೆಳಗೂ ಒಂದು ತಂಪುಗೂಡು ಇದೆ. ನೆಲದಡಿಯ ಕಲ್ಲಿನಲ್ಲಿ ಕೊರೆದ ದೊಡ್ಡ ಪಡಸಾಲೆ ಅದು. ಮಧ್ಯಾಹ್ನ ಓಣಿಯವರೆಲ್ಲ ಅಲ್ಲಿಗಿಳಿದು ಚಾಪೆ ಹಾಸುತ್ತಾರೆ. ಯಾರೋ ಜೋಳದ ಹಿಟ್ಟು ಸಾಣಿಸುತ್ತಿರುತ್ತಾರೆ, ಯಾರೋ ಇಸ್ಪೀಟು ಆಡುತ್ತಿರುತ್ತಾರೆ, ಗದ್ದಲ ಮಾಡಿದ ಮಕ್ಕಳು ಬೈಸಿಕೊಳ್ಳುತ್ತಿರುತ್ತಾರೆ. ಇವನ್ನೆಲ್ಲ ಕಟ್ಟಿದ್ದು ಕೆಲವು ವರ್ಷಗಳ ಹಿಂದೆ ಬಿಸಿಲಿಗೆ ಜನ ಸತ್ತ ದೊಡ್ಡ ಬೇಗೆಯ ನಂತರ. ಮೊದಲೇ ಕಟ್ಟಿದ್ದರೆ ನನ್ನ ಮಗ ಅಣವೀರ ಬದುಕಿರುತ್ತಿದ್ದ.

ಆ ವರ್ಷ ಊರಿಗೆಲ್ಲ ಕರೆಂಟು ಹೋಯಿತು. ಅಣವೀರ, ಅವನ ಹೆಂಡತಿ ಗಂಗಾಂಬಿಕಾ, ಎದೆಹಾಲು ಕುಡಿಯುವ ಮಗಳು ನೀಲಾ ಒಂದು ಎತ್ತರದ ಕಟ್ಟಡದ ಮೇಲಿನ ಅಂತಸ್ತಿನಲ್ಲಿದ್ದರು. ನಾನಾಗ ಊರಲ್ಲಿರಲಿಲ್ಲ, ಆಳಂದಕ್ಕೆ ಹೋಗಿದ್ದೆ. ಲಿಫ್ಟು ನಿಂತಿತು, ನಲ್ಲಿ ಬತ್ತಿತು. ನೀರಿಗಾಗಿ ಜನ ಕಂಡವರ ಮನೆ ಬಾಗಿಲು ಒಡೆಯತೊಡಗಿದರು. ಅಣವೀರ ಕೊಡ ಹಿಡಿದು ಕೆಳಗಿಳಿಯುವಾಗ ಹೆಂಡತಿಗೆ ಹೇಳಿದನಂತೆ: "ಯಾರು ಬಂದ್ರೂ ಬಾಗಿಲಾ ತಗೀಬ್ಯಾಡ. ನಾ ಬಂದ್ರ ನಿನ್ನ ಹೆಸರು ಹಿಡಿದು ಕರೀತೀನಿ."

ಅವನು ನೀರು ತಂದ. ಸುಡುವ ಬಿಸಿಲಿನಲ್ಲಿ ಅಷ್ಟೂ ಮೆಟ್ಟಿಲು ಹತ್ತಿ ಬಂದ. ಆದರೆ ಗಂಟಲು ಕಟ್ಟಿಹೋಗಿತ್ತು, ಕೂಗಲು ದನಿಯೇ ಇರಲಿಲ್ಲ. ಬಾಗಿಲು ಬಡಿದ. ಒಳಗೆ ಗಂಗಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಕಿವಿ ಮುಚ್ಚಿ, ತನ್ನ ಹೆಸರು ಕೇಳಿಸಲಿ ಎಂದು ಕಾಯುತ್ತ ಕೂತಳು. ಬಡಿತ ಮೆತ್ತಗಾಯಿತು, ಆಮೇಲೆ ನಿಂತಿತು. ನೆರೆಯವರು ಬಂದು ಕೂಗಿ ಬಾಗಿಲು ತೆಗೆಸಿದಾಗ ಅವನು ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದ. ಮಗುವಿಗೆಂದು ತಂದ ನೀರು ಕೊಡದಲ್ಲಿ ಹಾಗೇ ಇತ್ತು.

ನಿಮ್ಮ ವೈದ್ಯರು ಆಘಾತದ ನಂತರದ ಒತ್ತಡ ಎಂದು ಕರೆದ ಕಾಯಿಲೆಗೆ ನಾವು ನಿಲುಗಾಲ ಎನ್ನುತ್ತೇವೆ. ಒಂದೇ ಗಳಿಗೆ ಮುಂದೆ ಸರಿಯದೆ ಎದೆಯ ಮೇಲೆ ನಿಂತುಬಿಡುತ್ತದೆ. ಗಂಗಾ ನನ್ನ ಮನೆಗೆ ಬಂದಳು. ಪಾತ್ರೆಗೆ ಪಾತ್ರೆ ತಾಗಿ ಸದ್ದಾದರೆ ಬಿಳಿಚಿಕೊಳ್ಳುತ್ತಿದ್ದಳು. ಪಕ್ಕದವರು ಮೊಳೆ ಹೊಡೆದರೆ ನೀಲಾಳನ್ನು ಎತ್ತಿಕೊಂಡು ಮೂಲೆ ಸೇರುತ್ತಿದ್ದಳು. ನಮ್ಮ ಮನೆಯ ಬಾಗಿಲನ್ನು ತೆಗೆದಿಡಿಸಿ ಪರದೆ ಕಟ್ಟಿದೆ. ಅದೂ ಸಾಕಾಗಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಉಣ್ಣದೆ ಕೂತ ಅವಳ ಮುಂದೆ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಬಂದವರೆಲ್ಲ "ಆಗಿದ್ದು ಆಗ್ಯದ, ಮರ್ತುಬಿಡವ್ವಾ" ಎನ್ನುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು.

ಕೊನೆಗೆ ಅವಳನ್ನು ಜತೆಗಾತಿ ಮೆಹರುನ್ನಿಸಾ ಹತ್ತಿರ ಕರೆದೊಯ್ದೆ. ಇಂಥ ಗಾಯಕ್ಕೆ ಚಿಕಿತ್ಸೆ ಮಾಡುವವರನ್ನು ನಾವು ಜತೆಗಾತಿ ಎನ್ನುತ್ತೇವೆ. ಮರೆಯಲು ಆಕೆ ಹೇಳಲಿಲ್ಲ. ಆ ಮಧ್ಯಾಹ್ನವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳಿಸಿದಳು. ಉಸಿರು ಕಟ್ಟಿದರೆ ನಿಲ್ಲಿಸಿ, ಕಾಲು ನೆಲಕ್ಕೂರಿಸಿ, ಈಗ ಕಣ್ಣ ಮುಂದೆ ಏನಿದೆ ನೋಡು ಎನ್ನುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಮೇಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು, ಗಂಗಾ ಒಪ್ಪಿದ ಮೇಲೆ ಮಾತ್ರ. ಕೊನೆಗೆ ಉಳಿದದ್ದು ಬಾಗಿಲು ಬಡಿಯುವುದು.

"ಅತ್ತಿನೇ ಬಡೀಲಿ," ಎಂದಳು ಗಂಗಾ, ನನ್ನ ಕೈ ನೋಡುತ್ತ. "ಅವರ ಕೈನೂ ಹಿಂಗೇ ಇತ್ತು."

ಮೆಹರುನ್ನಿಸಾ ನನ್ನನ್ನು ಹೊರಗೆ ಕರೆದು ಹೇಳಿದಳು: "ಆಗಂಗಿಲ್ಲ ಅಂದ್ರ ಇಲ್ಲ ಅನ್ರಿ ಅಮ್ಮಾ. ನೀವೂ ಮಗನ್ನ ಕಳಕೊಂಡವರು."

ನಾನು ಒಪ್ಪಿದೆ. ಗಂಗಾ ಒಳಗೆ, ನಾನು ಹೊರಗೆ, ನಡುವೆ ಮರದ ಬಾಗಿಲು. ಕೈ ಎತ್ತಿದಾಗಲೇ ಹೊಳೆದದ್ದು: ನನ್ನ ಮಗ ಹೀಗೆ ನಿಂತಿದ್ದ. ಒಳಗೆ ಹೆಂಡತಿ ಇದ್ದಾಳೆಂದು ಅವನಿಗೆ ಗೊತ್ತಿತ್ತು. ಅವಳ ಹೆಸರು ಅವನ ಬಾಯಿಗೆ ಬರಲಿಲ್ಲ. ಎತ್ತಿದ ಕೈ ಇಳಿಸಿ, ಮತ್ತೆ ಎತ್ತಿ ಬಡಿದೆ. ಒಳಗಿನಿಂದ ಚೀರಾಟ ಕೇಳಿತು. ಅವತ್ತು ಬಾಗಿಲು ತೆರೆಯಲಿಲ್ಲ. ಮುಂದಿನ ವಾರವೂ ಇಲ್ಲ. ಪ್ರತಿ ಸಲ ನಾನು ಬಡಿಯುತ್ತಿದ್ದೆ, ಪ್ರತಿ ಸಲ ಮನೆಗೆ ಬಂದು ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದೆ.

ಒಂದು ದಿನ ಅಗುಳಿ ಸರಿದ ಸದ್ದಾಯಿತು. ಗಂಗಾ ಬಾಗಿಲು ತೆರೆದಳು. ಅವಳ ಕಣ್ಣು ನನ್ನ ತಲೆಯ ಮೇಲಿಂದ ಅಣವೀರನ ಎತ್ತರಕ್ಕೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ನೋಡುತ್ತಲೇ ಇದ್ದಳು. ಆಮೇಲೆ ದೃಷ್ಟಿ ಮೆಲ್ಲಗೆ ನನ್ನ ಮುಖಕ್ಕಿಳಿಯಿತು.

"ಅವ್ರು ಬರಲಿಲ್ಲರಿ ಅತ್ತಿ."

"ಇಲ್ಲವ್ವಾ. ಅಂವ ಇನ್ನ ಬರಂಗಿಲ್ಲ."

ಅವನು ಸತ್ತ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದು ಅದೇ ಮೊದಲು.

ಗಂಗಾ ಈಗ ಉಣ್ಣುತ್ತಾಳೆ, ಮಲಗುತ್ತಾಳೆ, ನೀಲಾಳನ್ನು ಶಾಲೆಗೆ ಬಿಟ್ಟು ಬರುತ್ತಾಳೆ. ಪೂರ್ತಿ ವಾಸಿಯಾಗಿದೆ ಎಂದು ಮೆಹರುನ್ನಿಸಾ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕೆಲವು ದಿನ ಅವಳು ಸುಮ್ಮನೆ ಗೋಡೆಗೊರಗಿ ಕೂರುತ್ತಾಳೆ. ನಾನು ಪಕ್ಕದಲ್ಲಿ ಕೂರುತ್ತೇನೆ. ನನ್ನ ಮಗನಂತೂ ಯಾವ ಚಿಕಿತ್ಸೆಗೂ ತಿರುಗಿ ಬರಲಾರ.

ಮೊನ್ನೆ ರೊಟ್ಟಿ ಬಡಿಯುತ್ತ ತಟ್ಟನೆ ಹೇಳಿದಳು, "ಅತ್ತಿ, ಇವತ್ತ ಅವರ ನಗಿ ನೆನಪಾತು ನೋಡ್ರಿ. ಲಗ್ನಾದ ಹೊಸದರಾಗ ತಾವೇ ರೊಟ್ಟಿ ಮಾಡ್ತೀನಿ ಅಂತ ಕುಂತ್ರು. ಹರಿದು ಚಿಂದಿ ಆತು. ನಮ್ಮವ್ವ ಹಿಂಗೇ ಕಲಿಸ್ಯಾಳ ಅಂದು ನಕ್ಕೇ ನಕ್ಕರು." ಇಷ್ಟು ವರ್ಷ ಅವನನ್ನು ನೆನೆದರೆ ಆ ಬಡಿತವೊಂದೇ ಕೇಳಿಸುತ್ತಿತ್ತಂತೆ. ನಾನು ಅವನಿಗೆ ರೊಟ್ಟಿ ಕಲಿಸಿರಲೇ ಇಲ್ಲ. ನನಗೆ ಗೊತ್ತಿರದ ನನ್ನ ಮಗನ ಒಂದು ಸುಳ್ಳನ್ನು ಸೊಸೆ ನನಗೆ ಕೊಟ್ಟಳು. ಇನ್ನೊಮ್ಮೆ ಹೇಳವ್ವಾ ಎಂದೆ. ಹೇಳಿದಳು.

ಹಿರಿಯರೇ, ನಿಮ್ಮ ಕಾಲದಲ್ಲೂ ಬೆಂಕಿಯಿಂದ, ನೆರೆಯಿಂದ, ಗಲಭೆಯಿಂದ, ಮನೆಯವರದೇ ಕೈಯಿಂದ ಉಳಿದು ಬಂದವರಿದ್ದಾರೆ. ಮರೆತುಬಿಡು ಎಂದು ಅವರಿಗೆ ಹೇಳಬೇಡಿ. ಮೆಹರುನ್ನಿಸಾಳ ವಿದ್ಯೆ ಬಲ್ಲವರು ನಿಮ್ಮಲ್ಲಿಯೂ ಇದ್ದರೆಂದು ಓದಿದ್ದೇನೆ. ಕೈ ಹಿಡಿದು ಅವರ ಹತ್ತಿರ ಕರೆದೊಯ್ಯಿರಿ. ಹೊರಗಿನ ಬೆಂಚಿನ ಮೇಲೆ ಕೂತಿರಿ. ಎಷ್ಟು ತಡವಾದರೂ ಎದ್ದು ಹೋಗಬೇಡಿ.

ನಿಮ್ಮ ಕುಡಿ,
ಬಸಲಿಂಗಮ್ಮ